ಮಾಜಾಳಿ ಗೇಟು

ಬಸ್ಸಿನಲ್ಲಿ ನಲವತ್ತು ಜನ.
ಇಳಿ ಅಂದದ್ದು ನನಗೊಬ್ಬನಿಗೆ.
"ಪಾಸ್‌ಪೋರ್ಟ್?"
"ಯಲ್ಲಾಪುರಕ್ಕೆ ಟಿಕೆಟ್ ಸಾಕಲ್ಲ, ಸಾಯ್ಬ್ರೇ?"
ಕನ್ನಡ ಕೇಳಿದ್ದೇ ಅನುಮಾನ ದಪ್ಪವಾಯಿತು.
ಎಲ್ಲಿ ಕಲಿತೆ? ಬಂದು ಎಷ್ಟು ದಿನ?

ಬಸ್ತ್ಯಾಂವ ಸಿದ್ದಿ, ಇಡಗುಂದಿ, ಅಂದೆ.
ಎಷ್ಟು ದಿನ ಎಂಬುದು
ಅಜ್ಜಿ ರೊಜೀನಳಿಗೂ ಗೊತ್ತಿರಲಿಲ್ಲ.
ಯಾವುದೋ ಹಡಗು, ಯಾರದೋ ಸರಪಳಿ.
ಇಳಿಸಿಕೊಳ್ಳುವಾಗ ಯಾರೂ
ಕಾಗದ ಕೇಳಲಿಲ್ಲವಂತೆ.

ಚೀಲ ಸುರಿದ. ಎರಡು ಅಂಗಿ,
ಸಿಮೆಂಟು ಹಿಡಿದ ಕರಣೆ,
ಮಗಳ ಬಣ್ಣದ ಪೆನ್ಸಿಲ್ಲು ಹನ್ನೆರಡು.

"ಕಾನೂನು ಎಲ್ಲರಿಗೂ ಒಂದೇ ಮಾರಾಯಾ,
ಲಗೂ ತೋರಿಸು, ಹೊತ್ತಾಯ್ತು,"
ಕಿಟಕಿಯಿಂದ ಒಬ್ಬರು.
ಅವರ ಸೀಟಿನಡಿ, ಇಂಜಿನ್ ನಡುಗಿದಂತೆಲ್ಲ,
ಗೋವೆಯ ಬಾಟಲಿಗಳು
ಮೆಲ್ಲಗೆ ಕಿಣಿಗುಟ್ಟುತ್ತಿದ್ದವು.

ಕೂತು ಪೆನ್ಸಿಲ್ಲು ಹೆಕ್ಕಿದೆ.
ಹನ್ನೊಂದು.
ಬಸ್ಸು ಹಾರ್ನ್ ಹೊಡೆಯಿತು.