ಆಚೆ ದಡ

ನೇಪಾಳದ ಹನ್ನೆರಡು ಹುಡುಗಿಯರು, ಇಬ್ಬರು ಮೇಡಮ್ಮುಗಳು
ಭದ್ರಾವತಿ ಸ್ಟೇಷನ್ನಿನಲ್ಲಿ ಇಳಿದಾಗ
ಹಾಲೇಶಪ್ಪ ಮೇಷ್ಟ್ರ ಕೈಯಲ್ಲಿ
ಸ್ವಾಗತದ ಬ್ಯಾನರು ತಲೆಕೆಳಗಾಗಿತ್ತು.
ಓದಲು ಬರುವವರೂ ಬರದವರೂ
ಒಟ್ಟಿಗೇ ಚಪ್ಪಾಳೆ ತಟ್ಟಿದೆವು.

ಐದು ದಿನ, ಮೂರು ಮ್ಯಾಚು.
ಉಳಿದ ಹೊತ್ತಿಗೆ ಪ್ರೇಕ್ಷಣೀಯ ಸ್ಥಳಗಳು:
ಟೈಪು ಮಾಡಿಸಿದ ಹಾಳೆ
ಟೆಂಪೋದ ಗಾಜಿಗೆ ಅಂಟಿತ್ತು.

ಮೊದಲನೆಯದು ನಮ್ಮ ಮೈದಾನದಲ್ಲೇ.
ಎಂಟು ಜನ ಸಾಲಾಗಿ ಕೂತೆವು,
ಒಬ್ಬಳ ಮುಖ ಕಾರ್ಖಾನೆ ಕಡೆ, ಪಕ್ಕದವಳದು ಹೊಳೆ ಕಡೆ.
ಬಿಪನಾ ನಮ್ಮ ನಡುವೆ
ಹೆಣಿಗೆ ಕಡ್ಡಿಯ ಹಾಗೆ ಹೊಕ್ಕು ಹೊರಟು
ನಾಲ್ಕು ನಿಮಿಷ ಸಿಗಲಿಲ್ಲ.
ಸೆಲ್ವಿ ಖೋ ಎಂದು ನನ್ನ ಬೆನ್ನಿಗೆ ಕೊಟ್ಟ ಏಟು
ರಾತ್ರಿ ಮಲಗಿದಾಗಲೂ ಉರಿಯುತ್ತಿತ್ತು.
ಅಟ್ಟುವವಳು ನಡುಗೆರೆ ದಾಟುವ ಹಾಗಿಲ್ಲ,
ಓಡುವವಳಿಗೆ ಎಲ್ಲ ಕಡೆಯೂ ದಾರಿ.
ಮೂರನೇ ಕ್ಲಾಸಿನಿಂದ ಗೊತ್ತಿದ್ದ ನಿಯಮ,
ಅವತ್ತು ಮಾತ್ರ ಅನ್ಯಾಯ ಅನಿಸಿತು.

ಸಕ್ರೆಬೈಲಿನಲ್ಲಿ ಆನೆ ಮೀಯುತ್ತಿತ್ತು.
"ಆನೆ ನಮ್ಮಲ್ಲೂ ಇದೆ, ಕೆಳಗೆ ತರಾಯಿಯಲ್ಲಿ" ಅಂದಳು ಬಿಪನಾ,
ಆದರೂ ಬೆನ್ನುಜ್ಜುವ ಸಾಲಿನಲ್ಲಿ ಎರಡು ಸಲ ನಿಂತಳು.

ಸಾಗರದಲ್ಲಿ ಎರಡನೆಯದೂ ಸೋತು
ಜೋಗಕ್ಕೆ ಹೋದರೆ ನೀರೇ ಇಲ್ಲ. ಮಾರ್ಚ್ ತಿಂಗಳು.
ಮೇಷ್ಟ್ರು ಒಣ ಬಂಡೆಗೆ ಕೈ ತೋರಿಸಿ
ಇದು ರಾಜ, ಇದು ರೋರರ್, ರಾಕೆಟ್, ಅದು ರಾಣಿ ಎಂದು
ರಜೆ ಹಾಕಿದವರ ಹಾಜರಿ ಕೂಗಿದರು.
ಅವರ ಮೇಡಮ್ಮು ನಾಲ್ಕಕ್ಕೂ ಬೇರೆ ಬೇರೆ ಫೋಟೋ ತೆಗೆದರು.

ಕೊಡಚಾದ್ರಿ ಎಷ್ಟು ಎತ್ತರ ಗೊತ್ತಾ ಎಂದು
ತಬಸ್ಸುಮ್ ಮೀಟರು ಸಮೇತ ಹೇಳಿದಳು.
ಬಿಪನಾ ಲೆಕ್ಕ ಹಾಕಿ, ಮೆತ್ತಗೆ, ಹಿಂದಿಯಲ್ಲಿ,
"ನಮ್ಮ ಶಾಲೆಯ ನಲ್ಲಿ ಅದಕ್ಕಿಂತ ಮೇಲಿದೆ."
ಟೆಂಪೋ ತುಂಬ ನಗು.
ತಬಸ್ಸುಮ್ ಮಂಡಕ್ಕಿ ಪೊಟ್ಟಣ ಅವಳಿಗೆ ಕೊಡದೆ ದಾಟಿಸಿದಳು.

ಸಪನಾ ಅಂದರೆ ಕನಸಂತೆ.
ಬಿಪನಾ ಅದರ ಎದುರು ಮಾತು:
ಎಚ್ಚರವಿದ್ದಾಗ ಕಂಡದ್ದು.
ಅವಳಿಗೆ ಗಾಜಿನ ಹಾಳೆಯಲ್ಲಿದ್ದ ಯಾವುದೂ ಬೇಕಿರಲಿಲ್ಲ,
ಬೇಕಿದ್ದದ್ದು ಸಮುದ್ರ.
"ನೀನು ನೋಡಿದ್ದೀಯಾ?"
"ಎಷ್ಟೋ ಸಲ" ಅಂದುಬಿಟ್ಟೆ.
ಎರಡು ಮ್ಯಾಚು ಸೋತಿದ್ದೆ,
ಏನಾದರೊಂದು ಗೆಲ್ಲಬೇಕಿತ್ತು.

"ಹೇಗಿರುತ್ತೆ?"
ನಾನು ಕಂಡ ದೊಡ್ಡ ನೀರು ಲಕ್ಕವಳ್ಳಿ ಡ್ಯಾಮಿನದು.
ಅದನ್ನೇ ಹೇಳಿದೆ.
ಬೆಳಿಗ್ಗೆ ಬೂದಿ ಬಣ್ಣ, ಮಧ್ಯಾಹ್ನ ಹಸಿರು,
ಸದ್ದೇ ಇರುವುದಿಲ್ಲ,
ಮುಳುಗಿದ ಮರದ ತುದಿಯಲ್ಲಿ ನೀರುಕಾಗೆ ರೆಕ್ಕೆ ಒಣಗಿಸುತ್ತೆ,
ಆಚೆ ದಡದಲ್ಲಿ ಗುಡ್ಡ, ಗುಡ್ಡದ ಹಿಂದೆ ಇನ್ನೊಂದು.
ಅವಳು ಕಣ್ಣು ಮುಚ್ಚಿಕೊಂಡು ಕೇಳಿದಳು.

ತೀರ್ಥಹಳ್ಳಿಯಲ್ಲಿ ಗೆದ್ದೆವು, ಒಂದೇ ಪಾಯಿಂಟು.
ಬಿಪನಾಳನ್ನು ಮುಟ್ಟಿದ್ದು ನಾನು, ಕಂಬದ ಹತ್ತಿರ,
ಬೆವರಿದ ಭುಜ. ಅವಳು ನಕ್ಕಳು.
ನನಗೆ ನಗು ಬರಲಿಲ್ಲ.

ಅಂದು ಸಂಜೆ ಆಗುಂಬೆ.
ಸೂರ್ಯ ಮುಳುಗುವ ಮೊದಲೇ ಮಬ್ಬಿನೊಳಗೆ ಹೋಗಿಬಿಟ್ಟ.
"ಅಗೋ, ಮಿನುಗ್ತಾ ಇದೆಯಲ್ಲ, ಅದೇ ಸಮುದ್ರ" ಅಂದರು ಮೇಷ್ಟ್ರು.
"ಅದು ಹೆಬ್ರಿ ಕಡೆ ಯಾರದೋ ತಗಡಿನ ಚಾವಣಿ ಸಾರ್"
ಅಂದ ಡ್ರೈವರ್ ದಸ್ತಗೀರ್.
ಹನ್ನೆರಡೂ ಮುಖ ನನ್ನ ಕಡೆ ತಿರುಗಿದವು.
ಎಷ್ಟೋ ಸಲ ನೋಡಿದವಳು ನಾನೊಬ್ಬಳೇ.
ಬೀಸಿಲ್ ಬಾಯಲ್ಲಿಟ್ಟುಕೊಂಡ ಅಂಪೈರಿನ ಹಾಗೆ
ಸ್ವಲ್ಪ ಹೊತ್ತು ನಿಂತು
"ಹೌದು" ಅಂದೆ.

ಮುಂದಿನ ಸಲ ನೀವು ಬರಬೇಕು ಅಂದು ಹೋದರು.
ನಮ್ಮ ಪಾಸ್‌ಪೋರ್ಟಿನ ಅರ್ಜಿಗಳು
ಮೇಷ್ಟ್ರ ಬೀರುವಿನಲ್ಲಿ, ಚೆಂಡುಗಳ ಕೆಳಗೆ ಇವೆ.
ನನ್ನದರಲ್ಲಿ ಅಪ್ಪನ ಹೆಸರು ಎರಡು ಥರ ಇದೆಯಂತೆ.

ಈ ವರ್ಷ ಟೂರ್ನಮೆಂಟಿಗೆ ಕುಂದಾಪುರಕ್ಕೆ ಕರೆದೊಯ್ದರು.
ಬಸ್ಸಿಳಿದು ಮರಳಿನಲ್ಲಿ ನಿಂತೆ.
ಎಂಥಾ ಸದ್ದು! ತುಟಿಯ ಮೇಲೆ ಉಪ್ಪು.
ಎದುರಿಗೆ ಏನೂ ಇಲ್ಲ.

ಬಿಪನಾ ಬಿಡಿಸಿ ಕಳಿಸಿದ ಚಿತ್ರ ಫೋನಿನಲ್ಲಿದೆ:
ಹಸಿರು ನೀರು, ಮರದ ತುದಿಯಲ್ಲಿ ಒಂದು ಹಕ್ಕಿ,
ಆಚೆ ದಡ, ಅಲ್ಲಿ ಗುಡ್ಡ,
ಅದರ ಹಿಂದೆ, ನಾನು ಹೇಳದ ಹಿಮ.

ನಾನು ತಿದ್ದಿಲ್ಲ.