ಮಂಗಳವಾರದ ಮ್ಯಾಟಿನಿ

ವೆನ್ಲಾಕಿನಲ್ಲಿ ಚೀಟಿ ಮಾಡಿಸಿ, ಮಾತ್ರೆ ಕಟ್ಟಿಸಿಕೊಂಡು
ಹೊರಗೆ ಬಂದಾಗ ಒಂದೂಮುಕ್ಕಾಲು.
ಸುಡುವ ಬಿಸಿಲು. ಮನೆಗೆ ಹೋಗಿ ಮಾಡುವುದೆಂಥದು ಅಂತ
ನಾನೇ ಅಣ್ಣನನ್ನು ಸಿನೆಮಾಕ್ಕೆ ಕರೆದೆ.
ಅವನು ಬೇಡ ಅನ್ನಲಿಲ್ಲ.
ಈಗೀಗ ಯಾವುದಕ್ಕೂ ಅನ್ನುವುದಿಲ್ಲ.

ಒಳಗೆ ನಾವಿಬ್ಬರು, ಮತ್ತೆ ಹತ್ತು ಹನ್ನೊಂದು ಜನ,
ನಿದ್ದೆಗೆಂದೇ ಟಿಕೆಟ್ ತೆಗೆದ ಬಂದರಿನ ಒಬ್ಬ ಹಮಾಲಿ.
ಫ್ಯಾನು ಸುತ್ತು ಸುತ್ತಿಗೂ ಕೆಮ್ಮುತ್ತಿತ್ತು.

ತೆರೆಯ ಮೇಲೆ ಹೆಂಡತಿ ಸತ್ತಳು.
ದೀಪ ಆರಿತು, ಗೋಡೆಯ ಫೋಟೋ ಬಿದ್ದು ಗಾಜು ಒಡೆಯಿತು,
ಬಾಗಿಲ ಹಿಂದೆ ಕಾದು ನಿಂತಿದ್ದ ಹಾಗೆ ಮಳೆ ಬಂತು.
ಗಂಡ ಬೀದಿಯಲ್ಲಿ ಮೊಣಕಾಲೂರಿ
ಆಕಾಶಕ್ಕೆ ಕೂಗಿದ, ಜೊತೆಗೆ ನಲವತ್ತು ಪಿಟೀಲು.

ನಮ್ಮ ಭವಾನಿ ಅತ್ತಿಗೆ ಹೋದಾಗ
ಬೀಳಲಿಕ್ಕೆ ಫೋಟೋವೇ ಇರಲಿಲ್ಲ.
ರೇಷನ್ ಕಾರ್ಡಿನದ್ದನ್ನು ದೊಡ್ಡದು ಮಾಡಿಸಿದೆವು.
ಬೊಜ್ಜ ಮುಗಿದ ಮರುದಿನ ಅಣ್ಣ ಡ್ಯೂಟಿಗೆ ಹೋದ,
ಕಾಟಿಪಳ್ಳದ ಬಸ್ಸು, ಇಸ್ತ್ರಿಯ ಖಾಕಿ, ಎಣ್ಣೆ ಹಾಕಿ ಬಾಚಿದ ತಲೆ,
"ಮುಂದೆ ಹೋಗಿ, ಒಳಗೆ ಜಾಗ ಉಂಟು!"
ಒಂದು ರೂಪಾಯಿ ಚಿಲ್ಲರೆ ತಪ್ಪಲಿಲ್ಲ.
ಗಟ್ಟಿ ಮನುಷ್ಯ ಅಂದರು ಎಲ್ಲ.

ಮೂರು ತಿಂಗಳು ಕಳೆದು, ಸ್ಟೇಟ್‌ಬ್ಯಾಂಕಿನ ಹತ್ತಿರ
ಕೊಡೆ ರಿಪೇರಿಯ ಮೋನಾಕ ಕರೆದರು:
"ಓ ದಾಮು, ನಿಮ್ಮ ಹೆಂಡತಿ ಕೊಟ್ಟ ಕೊಡೆ
ಆಗಿ ಎಷ್ಟು ದಿನ ಆಯ್ತು, ಕೊಂಡುಹೋಗುವುದಿಲ್ವಾ?
ಎರಡು ಕಡ್ಡಿ ಹೊಸತು. ನಲವತ್ತು ರೂಪಾಯಿ."
ಅಣ್ಣ ನಲವತ್ತು ಎಣಿಸಿ ಕೊಟ್ಟ.
ಕೊಡೆ ಬಿಡಿಸಿ ನೋಡಿದ, ಮಡಚಿದ,
ಅಲ್ಲೇ ಕುಳಿತ.
ಬಸ್ಸು ಹಾರ್ನ್ ಹಾಕಿತು. ಮತ್ತೆ ಹಾಕಿತು.
ಹಿಂದಿನ ಬಸ್ಸಿನವರು ಬೈದರು,
ಟೈಮಿನ ವಿಷಯದಲ್ಲಿ ಅವರು ಅಪ್ಪನನ್ನೂ ಬಿಡುವವರಲ್ಲ.
ಮೋಡ ಹೆಸರಿಗೂ ಇರಲಿಲ್ಲ.
(ಆ ಕೊಡೆ ಈಗ ನಾನು ಹಿಡಿಯುತ್ತೇನೆ.)

ಇಂಟರ್ವಲ್ ಆದ ಮೇಲೆ ನಾಯಕನಿಗೆ ಹುಚ್ಚು ಹಿಡಿಯಿತು:
ತಲೆ ಕೆದರಿ, ಗಡ್ಡದಲ್ಲಿ ಹುಲ್ಲು ಸಿಕ್ಕಿಸಿಕೊಂಡು
ಗೊಂಬೆಯೊಂದನ್ನು ತೂಗಿ ತೂಗಿ ನಗುತ್ತಿದ್ದ.
ಹಿಂದೆ ಯಾರೋ ಶಿಳ್ಳೆ ಹಾಕಿದರು.
ನಾನು ಅಣ್ಣನ ಕಡೆ ನೋಡದೆ
ಮಾತ್ರೆಯ ತೊಟ್ಟೆಯನ್ನು ಸದ್ದಾಗದ ಹಾಗೆ ಹಿಡಿದುಕೊಂಡೆ.
ಅವನು ಬಗ್ಗಿ ಕಿವಿಯಲ್ಲಿ ಕೇಳಿದ:
"ಅಷ್ಟು ಕೆದರಲಿಕ್ಕೆ ಎಷ್ಟು ಹೊತ್ತು ಹಿಡಿದಿರಬಹುದು ಮಾರಾಯ್ತಿ?
ನನಗೆ ಬಾಚಣಿಗೆ ಎತ್ತಲಿಕ್ಕೇ
ಅರ್ಧ ಗಂಟೆ ಬೇಕು."

ಏಳು ವಾರದಲ್ಲಿ ಅವನಾಡಿದ ಅತಿ ಉದ್ದದ ಮಾತು.
ನಕ್ಕೆ. ನಗಬಾರದಿತ್ತೋ ಏನೋ.
ಅವನೂ ಸ್ವಲ್ಪ.

ಮೆಟ್ಟಿಲಿಂದ ಬಿದ್ದು ನಾಯಕನಿಗೆ ಗುಣವಾಯಿತು.
ನಮಗೆ ಬರುವ ಮಂಗಳವಾರ ಬರಲು ಹೇಳಿದ್ದಾರೆ,
ಅದರ ಮುಂದಿನದೂ.

ಹಿಂದಿರುಗುವಾಗ ಬಸ್ಸಿನಲ್ಲಿ ಹೊಸ ಹುಡುಗ ಕಂಡಕ್ಟರು,
ಅಣ್ಣನ ಕೈಕೆಳಗೆ ಕೆಲಸ ಕಲಿತವನು.
"ನಿಮ್ಮಿಂದ ದುಡ್ಡು ತೆಗೆಯುವುದುಂಟಾ ದಾಮಣ್ಣ!"
ಅಣ್ಣ ನೀಡಿದ ಕೈ ಹಿಂದಕ್ಕೆ ತೆಗೆಯಲಿಲ್ಲ.
"ಟಿಕೆಟ್ ಹರಿ," ಅಂದ. "ಎರಡು.
ಮತ್ತೆ ಬಾಗಿಲಲ್ಲಿ ನಿಲ್ಲಬೇಡ,
ಒಳಗೆ ಜಾಗ ಉಂಟು."