ಕೈಗಾದ ವಯಸ್ಸು

ಶಿಡ್ಲಘಟ್ಟದಲ್ಲಿ ರಾತ್ರಿ ಎಂಟಾದರೂ
ಬೀದಿ ತುಂಬ ಬೆಂದ ಗೂಡಿನ ವಾಸನೆ.
ಹೊರಗಿನಿಂದ ಬಂದವರು ಮೂಗು ಮುಚ್ಚುತ್ತಾರೆ.
ನಮಗೆ ಅದು ಬರದ ದಿನವೇ ದಿಗಿಲು,
ಯಾರ ಮನೆಯ ಒಲೆ ಹೊತ್ತಿಲ್ಲವೋ ಅಂತ.

ಚಾಪೆಯ ಮೇಲೆ ಬ್ಯಾಂಕಿನ ಹುಡುಗಿ ಕೊಟ್ಟ ಪಿಂಚಣಿ ಅರ್ಜಿ,
ಪಕ್ಕದಲ್ಲಿ ಸ್ಕ್ಯಾನಿಂಗ್ ಸೆಂಟರಿನ ಲಕೋಟೆ.
ಒಂದರಲ್ಲಿ ಅರವತ್ತಾದ ಯಾರೋ ಒಬ್ಬರು,
ಇನ್ನೊಂದರಲ್ಲಿ ಹದಿನಾಲ್ಕು ವಾರದ ಎರಡು ಚುಕ್ಕೆ.
ಒಂದು ಅಂದುಕೊಂಡಿದ್ದೆವು.
ಎರಡು ಅಂದರು ಡಾಕ್ಟರಮ್ಮ,
ಸೊಪ್ಪಿನವಳು ಮೇಲೊಂದು ಹಿಡಿ ಹಾಕಿದಷ್ಟು ಸಲೀಸಾಗಿ.

ಬೈರೇಶ ಮಾರುಕಟ್ಟೆ ರಸೀದಿಯ ಬೆನ್ನಿಗೆ ಬರೆಯುತ್ತಾನೆ:
ನನ್ನ ವಯಸ್ಸಿಗೆ ತಿಂಗಳಿಗೆ ಒಂಬೈನೂರ ಎರಡು,
ಅವನ ವಯಸ್ಸಿಗೆ ಇನ್ನೂ ಜಾಸ್ತಿ,
ಇಪ್ಪತ್ತೈದು ವರ್ಷ ಕಟ್ಟಿದರೆ
ಆಮೇಲೆ ತಿಂಗಳಿಗೆ ಐದು ಸಾವಿರ, ಉಸಿರಿರೋವರೆಗೆ.
‘ಅದೇ ದುಡ್ಡು ಪಿಳ್ಳಮ್ಮನ ಚೀಟಿಗೆ ಹಾಕಿದ್ರೆ
ಎರಡು ವರ್ಷಕ್ಕೆ ಇನ್ನೊಂದು ಬೇಸಿನ್ ಕೂರಿಸಬಹುದು.
ಇಲ್ಲಾಂದ್ರೆ ದಿಬ್ಬೂರಹಳ್ಳಿ ರಸ್ತೆ ಸೈಟು.’
‘ಕಲ್ಲು ನೆಟ್ಟವನು ಕಾಗದ ತೋರಿಸಿದನಾ?’
‘ತೋರಿಸ್ತೀನಿ ಅಂದ.’
ಸೈಟಿನ ಮಾತು ಅಲ್ಲಿಗೆ ಮುಗಿಯಿತು.

ಗೋಡೆಗೊರಗಿದ ಮಾವ ಎಲೆ ಮಡಚುತ್ತಾ ಅಂದರು:
‘ನಿಮ್ಮತ್ತೆ ಬಸುರಿಯಾಗಿದ್ದಾಗ ಐದು ಸಾವಿರಕ್ಕೆ
ಜೋಡಿ ಎಮ್ಮೆ, ಮೇಲೊಂದು ಕೊಟ್ಟಿಗೆ.
ಈಗ ಐದು ಸಾವಿರಕ್ಕೆ ಎಮ್ಮೆ ನೋಡ್ಕೊಂಡು ಬರಬಹುದು.
ನಿನಗೆ ಅರವತ್ತಾಗೋ ಹೊತ್ತಿಗೆ
ಎಮ್ಮೆಯ ಫೋಟೊ ಬರುತ್ತೇನೋ.’
ನಕ್ಕ ರಭಸಕ್ಕೆ ಹೊಟ್ಟೆಯೊಳಗೆ ಏನೋ ಮಿಸುಕಿತು.
ಇಷ್ಟು ಬೇಗ ಅದು ಬರೀ ಗಾಳಿ ಅಂತಾರೆ.

ಆಚೆ ಮನೆ ಫರ್ಜಾನಕ್ಕನದು ಚಿನ್ನದ ಪಕ್ಷ.
ಕಷ್ಟ ಬಂತೋ, ಕಿವಿಯಿಂದ ಕಳಚು.
ಅರ್ಜಿ ಬೇಡ, ಅರವತ್ತಾಗೋದೂ ಬೇಡ.
ಹೇಳುವಾಗ ಅವಳ ಕಿವಿಯ ತೂತಿನಲ್ಲಿ
ಮೂರು ವರ್ಷದಿಂದ ಇರುವ ಬೇವಿನ ಕಡ್ಡಿ ಅಲ್ಲಾಡುತ್ತದೆ.

ಗೂಡಿನ ಉಪಮೆ ನನಗೂ ಹೊಳೆಯಿತು.
ಹುಳುವೂ ಹೀಗೇ ಅಲ್ಲವಾ,
ನಾಳೆಗಿರಲಿ ಅಂತ ಬಾಯಿಂದ ನೂಲು ತೆಗೆದು
ತನ್ನ ಸುತ್ತ ತಾನೇ ಕೂಡಿಡುವುದು.
ಅದನ್ನು ಬೇಯಿಸುವವಳು ನಾನೇ ಆದ್ದರಿಂದ
ಉಪಮೆಯನ್ನು ಅಲ್ಲಿಗೇ ಬಿಟ್ಟೆ.

ಆಮೇಲೆ ಬಲ್ಬಿನ ಕೆಳಗೆ ಪೆನ್ನು ಹಿಡಿದ ಕೈ ಕಂಡಿತು.
ಹನ್ನೊಂದು ವರ್ಷ ಕುದಿನೀರಲ್ಲಿ ಎಳೆಯ ತುದಿ ಹುಡುಕಿ
ಬೆಳ್ಳಗೆ ಊದಿ, ಸುಕ್ಕುಗಟ್ಟಿ,
ಬೆರಳ ಗೆರೆಯೆಲ್ಲ ಸವೆದು,
ರೇಷನ್ ಅಂಗಡಿಯ ಯಂತ್ರ ಮೂರು ಸಲ ಒತ್ತಿಸಿಕೊಂಡು
ಇವಳು ಯಾರೋ ಗೊತ್ತಿಲ್ಲ ಅನ್ನುವ ಕೈ.
ನನಗೆ ಮೂವತ್ತೈದು.
ಕೈಗೆ ಅರವತ್ತಾಗಿ ಎಷ್ಟೋ ದಿನವಾಯಿತು.
ಅದಕ್ಕೆ ಯಾವ ಬ್ಯಾಂಕು ಕೊಡುತ್ತೆ, ಈ ತಿಂಗಳಿಂದ?

‘ಬೇಸಿನ್ ಬೇಡ’ ಅಂದೆ.
ಇನ್ನೊಂದು ಬೇಸಿನ್ ಅಂದರೆ ಇನ್ನೊಂದು ಜೊತೆ ಕೈ.
ಯಾರದು, ಅಂತ ಬಾಯಿಬಿಟ್ಟು ಕೇಳಲಿಲ್ಲ,
ಗೋಡೆ ಕಡೆ ಮುಖ ಮಾಡಿ ಮಲಗಿದ್ದ ಮೌನಿಕಳನ್ನು ನೋಡಿದೆ.
ಅವನೂ ನೋಡಿದ.
ರಸೀದಿ ಮಡಚಿ ಜೇಬಿಗಿಟ್ಟುಕೊಂಡ. ಹರಿಯಲಿಲ್ಲ.

ಒಂಬೈನೂರ ಎರಡು ನನ್ನ ಹೆಸರಿಗೆ.
ಹೆರಿಗೆಗೆ ಅಂಚೆ ಕಚೇರಿಯಲ್ಲಿ ಆರ್‌ಡಿ.
ಇನ್ನೂ ಉಳಿದರೆ, ಉಳಿಯೋಲ್ಲ,
ಪಿಳ್ಳಮ್ಮನ ಚೀಟಿಯಲ್ಲಿ ಅರ್ಧ ಪಾಲು, ಅವನ ಸಮಾಧಾನಕ್ಕೆ.
ಇದು ಸರಿಯಾ ಅಂತ ಗೊತ್ತಾಗೋ ಹೊತ್ತಿಗೆ
ಆ ಎರಡು ಚುಕ್ಕೆಗಳಿಗೂ ಮೀಸೆಯೋ ಮುಡಿಯೋ ಬಂದಿರುತ್ತೆ.

ನಾಮಿನಿಯ ಜಾಗ ಬೆಳಗಿನವರೆಗೆ ಖಾಲಿ.
ನಾಲ್ಕಕ್ಕೆ ಎದ್ದು ಒಲೆ ಹೊತ್ತಿಸಬೇಕು,
ಹತ್ತಕ್ಕೆ ಬ್ಯಾಂಕು.
ರುಜು ನೀಟಾಗಿ ಹಾಕಬಲ್ಲೆ, ಹತ್ತನೇ ಕ್ಲಾಸು ಓದಿದವಳು.
ಹೆಬ್ಬೆಟ್ಟು ಒತ್ತು ಅನ್ನದಿದ್ದರೆ ಸಾಕು ಆ ಹುಡುಗಿ.